ಹೆಂಗಸರಿಗೆ ಗುರುದೀಕ್ಷೆ: ಬೈಬಲ್ ಒಂದೇ, ಉತ್ತರ ಮಾತ್ರ ಯಾಕೆ ಬೇರೆ ಬೇರೆ?

2025ರ ಅಕ್ಟೋಬರ್ 3ರಂದು ಕ್ಯಾಂಟರ್‌ಬರಿಯ ಮುಂದಿನ ಆರ್ಚ್‌ಬಿಷಪ್ ಯಾರು ಅಂತ ಪ್ರಕಟವಾಯಿತು. ಹೆಸರು ಸಾರಾ ಮಲಾಲಿ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಇದಕ್ಕಿಂತ ದೊಡ್ಡ ಪೀಠ ಇಲ್ಲ. ಪಾದ್ರಿಯಾಗುವ ಮೊದಲು ಅವರು ನರ್ಸ್ ಆಗಿದ್ದರು, ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿಯ ಹುದ್ದೆಯವರೆಗೂ ಏರಿದ್ದರು. ಆ ಪೀಠಕ್ಕೆ ಹದಿನಾಲ್ಕು ಶತಮಾನಗಳ ಇತಿಹಾಸ ಇದೆ. ಅದಕ್ಕೆ ಹೆಂಗಸೊಬ್ಬರ ಹೆಸರು ಬಂದದ್ದು ಅದೇ ಮೊದಲು.

ಈಗ ರೋಮಿನ ಕಥೋಲಿಕ ಧರ್ಮಸಭೆಯ ಕಾನೂನು ಪುಸ್ತಕ ತೆಗೆದು 1024ನೇ ಕಲಂ ನೋಡಿ. ಇರುವುದು ಒಂದೇ ಸಾಲು. ದೀಕ್ಷಾಸ್ನಾನ ಪಡೆದ ಗಂಡಸಿಗೆ ಮಾತ್ರ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಸಿಂಧುವಾಗುತ್ತದೆ ಅಂತ ಅದರ ಸಾರ. ಅಂದರೆ ಹೆಂಗಸಿಗೆ ದೀಕ್ಷೆ ಕೊಡಬಾರದು ಅಂತ ಹೇಳಿ ಕಾನೂನು ಸುಮ್ಮನಾಗುವುದಿಲ್ಲ. ಯಾರಾದರೂ ಬಿಷಪ್ ಕೊಟ್ಟೇಬಿಟ್ಟರೂ ಅದು ದೀಕ್ಷೆ ಆಗುವುದೇ ಇಲ್ಲ ಅನ್ನುತ್ತದೆ.

ಎರಡೂ ಸಭೆಯವರು ಓದುವುದು ಬೈಬಲಿನಲ್ಲಿರುವ ಅದೇ ಪೌಲನ ಪತ್ರಗಳನ್ನು, ನಂಬುವುದು ಅದೇ ಕ್ರಿಸ್ತನನ್ನು. ಮತ್ತೆ ಇಷ್ಟು ದೂರ ಹೇಗೆ ಬಂದರು? ಜನ ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. "ಬೈಬಲಿನಲ್ಲೇ ಬೇಡ ಅಂತ ಬರೆದಿದೆ" ಅನ್ನುವುದು ಒಂದು. "ಗಂಡಸರಿಗೆ ಅಧಿಕಾರ ಬಿಟ್ಟುಕೊಡೋಕೆ ಇಷ್ಟ ಇಲ್ಲ, ಅಷ್ಟೇ" ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಎರಡನ್ನೂ ಸೇರಿಸಿದರೂ ಪೂರ್ತಿ ಚಿತ್ರ ಸಿಗುವುದಿಲ್ಲ. ನನಗೆ ಕಾಣುವ ಮಟ್ಟಿಗೆ ಜಗಳ ನಿಂತಿರುವುದು ಬೇರೆ ಎರಡು ಪ್ರಶ್ನೆಗಳ ಮೇಲೆ. ಪಾದ್ರಿ ಅಂದರೆ ಯಾರು? ಹಳೆಯ ಕ್ರಮವನ್ನು ಬದಲಿಸುವ ಹಕ್ಕು ಯಾರಿಗಿದೆ? ಈ ಎರಡಕ್ಕೆ ಒಂದು ಸಭೆ ಏನು ಉತ್ತರ ಕೊಡುತ್ತದೆ ಅಂತ ತಿಳಿದರೆ, ಹೆಂಗಸರ ವಿಷಯದಲ್ಲಿ ಅದು ಎಲ್ಲಿ ನಿಲ್ಲುತ್ತದೆ ಅಂತ ಹೆಚ್ಚುಕಡಿಮೆ ಊಹಿಸಬಹುದು.

ದೀಕ್ಷೆಯಲ್ಲಿ ಆಗುವುದೇನು?

ಹೊರಗಿನಿಂದ ನೋಡಿದರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ. ದೀಕ್ಷೆ ಪಡೆಯುವವರು ಮಂಡಿಯೂರುತ್ತಾರೆ. ಬಿಷಪ್ ಅಥವಾ ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಏಳುವ ಹೊತ್ತಿಗೆ ಅವರು ಪಾದ್ರಿ.

ಆದರೆ ಆ ಕೈಯಿಂದ ಏನು ದಾಟಿತು ಅನ್ನುವುದರಲ್ಲಿ ಒಮ್ಮತ ಇಲ್ಲ. ಕಥೋಲಿಕರಿಗೂ ಆರ್ಥೊಡಾಕ್ಸ್ ಸಭೆಗಳಿಗೂ ಅದು ಸಂಸ್ಕಾರ. ಡೀಕನ್ ಅಂದರೆ ಸಹಾಯಕ, ಗುರು ಅಂದರೆ ಪಾದ್ರಿ, ಅವರ ಮೇಲೆ ಬಿಷಪ್, ಹೀಗೆ ಮೂರು ಮೆಟ್ಟಿಲು. ಕಥೋಲಿಕ ಬೋಧನೆಯ ಪ್ರಕಾರ ದೀಕ್ಷೆ ಮನುಷ್ಯನ ಮೇಲೆ ಅಳಿಸಲಾಗದ ಮುದ್ರೆ ಒತ್ತುತ್ತದೆ. ಆಮೇಲೆ ಅವನನ್ನು ಕೆಲಸದಿಂದ ತೆಗೆಯಬಹುದು, ಅವನು ಮದುವೆಯಾಗಿ ಮನೆಗೆ ಹೋಗಬಹುದು, ಆ ಮುದ್ರೆ ಹಾಗೇ ಇರುತ್ತದೆ. ಬಲಿಪೂಜೆ ಅನ್ನುವ ಮುಖ್ಯ ಆರಾಧನೆಯಲ್ಲಿ ರೊಟ್ಟಿ ಹಿಡಿದು "ಇದು ನನ್ನ ದೇಹ" ಅನ್ನುವಾಗ ಗುರು ತನ್ನ ಮಾತು ಆಡುತ್ತಿರುವುದಿಲ್ಲ. ಕ್ರಿಸ್ತನ ಜಾಗದಲ್ಲಿ ನಿಂತು ಕ್ರಿಸ್ತನ ಮಾತು ಆಡುತ್ತಿರುತ್ತಾನೆ. ಹಾಗಾಗಿ ಅಲ್ಲಿ ಪ್ರಶ್ನೆ ಹೀಗೆ ಬರುತ್ತದೆ: ಕ್ರಿಸ್ತನ ಜಾಗದಲ್ಲಿ ನಿಲ್ಲುವವರು ಗಂಡಸೇ ಆಗಿರಬೇಕಾ?

ಪ್ರೊಟೆಸ್ಟೆಂಟರ ದಾರಿ ಬೇರೆ. ದೀಕ್ಷಾಸ್ನಾನ ಪಡೆದವರೆಲ್ಲ ಯಾಜಕರೇ ಅಂತ ಮಾರ್ಟಿನ್ ಲೂಥರ್ 16ನೇ ಶತಮಾನದಲ್ಲೇ ಸಾರಿದ. ಪಾದ್ರಿ ಅಂದರೆ ಸಭೆ ಆರಿಸಿ, ವಾಕ್ಯ ಸಾರುವ ಕೆಲಸಕ್ಕೆ ಒಪ್ಪಿಸಿದ ವ್ಯಕ್ತಿ. ಹೀಗೆ ನೋಡಿದರೆ ಪ್ರಶ್ನೆಯೇ ಬದಲಾಗುತ್ತದೆ. ಈಕೆಗೆ ಕರೆ ಇದೆಯಾ, ಕಲಿತಿದ್ದಾಳಾ, ಸಭೆ ಒಪ್ಪುತ್ತಾ? ಲೂಥರ್ ಮಾತ್ರ ಅಷ್ಟು ದೂರ ಹೋಗಲಿಲ್ಲ. ತಾನು ಹೇಳಿದ್ದರ ಪೂರ್ತಿ ಅರ್ಥ ತನಗೇ ಬೇಡವಾಗಿತ್ತೋ ಏನೋ. ಅವನ ಹೆಸರಿನ ಸಭೆಗಳು ಅಲ್ಲಿಗೆ ತಲುಪೋಕೆ ನಾಲ್ಕು ಶತಮಾನ ಹಿಡಿಯಿತು.

ಇನ್ನೂ ಆಚೆ ಹೋದವರೂ ಇದ್ದಾರೆ. ಕ್ವೇಕರರು ಅನ್ನುವ ಕ್ರೈಸ್ತ ಪಂಗಡದ ಹಳೆಯ ಪದ್ಧತಿಯಲ್ಲಿ ಪಾದ್ರಿಯೇ ಇಲ್ಲ. ಕೂಟದಲ್ಲಿ ಯಾರಿಗೆ ಪ್ರೇರಣೆ ಆಗುತ್ತದೋ ಅವರು ಎದ್ದು ಮಾತಾಡುತ್ತಾರೆ. ಹಾಗಾಗಿ 17ನೇ ಶತಮಾನದಲ್ಲೇ ಅವರಲ್ಲಿ ಹೆಂಗಸರು ಬಹಿರಂಗವಾಗಿ ಬೋಧಿಸುತ್ತಿದ್ದರು. ಮಾರ್ಗರೆಟ್ ಫೆಲ್ 1666ರಲ್ಲಿ ಇದನ್ನು ಸಮರ್ಥಿಸಿ ಒಂದು ಕಿರುಪುಸ್ತಕವನ್ನೇ ಹೊರತಂದಳು, ಅದೂ ಜೈಲಿನಲ್ಲಿದ್ದಾಗ. ಸಾಲ್ವೇಶನ್ ಆರ್ಮಿ ಅನ್ನುವ ಇನ್ನೊಂದು ಪಂಗಡದಲ್ಲಿ ದೀಕ್ಷಾಸ್ನಾನವೂ ಇಲ್ಲ, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನವೂ ಇಲ್ಲ, ಬಲಿಪೀಠದ ತಕರಾರು ಹುಟ್ಟುವುದೇ ಇಲ್ಲ. ಅಲ್ಲಿ ಶುರುವಿನಿಂದಲೂ ಹೆಂಗಸರು ಅಧಿಕಾರಿಗಳು. ಸ್ಥಾಪಕರ ಮಗಳು ಇವಾಂಜೆಲಿನ್ ಬೂತ್ 1934ರಲ್ಲಿ ಇಡೀ ಸಂಸ್ಥೆಯ ಜನರಲ್ ಆದರು.

ಹಾಗಾದರೆ ಬಲಿಪೀಠ ಮುಖ್ಯವಾದ ಕಡೆ ಬಾಗಿಲು ಬಿಗಿ, ಪ್ರಸಂಗ ಮುಖ್ಯವಾದ ಕಡೆ ಸಡಿಲ, ಅಲ್ವಾ? ಅಷ್ಟು ಸುಲಭ ಅಲ್ಲ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರಲ್ಲಿ ಬಲಿಪೂಜೆ ಇಲ್ಲ, ಎಲ್ಲವೂ ಪ್ರಸಂಗವೇ. ಆದರೂ ಪಾಸ್ಟರ್ ಕೆಲಸ ಗಂಡಸರಿಗೆ ಮಾತ್ರ ಅಂತ 2000ದಲ್ಲಿ ತಮ್ಮ ನಂಬಿಕೆಯ ಹೇಳಿಕೆಯಲ್ಲಿ ಬರೆದುಕೊಂಡರು. ಅವರ ಆಧಾರ ಬಲಿಪೀಠ ಅಲ್ಲ, ಬೈಬಲಿನ ವಚನ. ಆ ವಚನಗಳನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಪೌಲನ ಪತ್ರಗಳಲ್ಲಿ ಏನಿದೆ?

ವಿರೋಧಿಸುವವರು ಮುಖ್ಯವಾಗಿ ಎರಡು ಕಡೆ ಬೆರಳಿಡುತ್ತಾರೆ. ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 14ನೇ ಅಧ್ಯಾಯದಲ್ಲಿ, ಸಭೆಯಲ್ಲಿ ಹೆಂಗಸರು ಸುಮ್ಮನಿರಲಿ, ಏನಾದರೂ ತಿಳಿಯಬೇಕಾದರೆ ಮನೆಯಲ್ಲಿ ಗಂಡನನ್ನು ಕೇಳಲಿ ಅನ್ನುವ ಮಾತಿದೆ. ತಿಮೊಥೆಯನಿಗೆ ಬರೆದ ಮೊದಲನೇ ಪತ್ರದ 2ನೇ ಅಧ್ಯಾಯದಲ್ಲಿ, ಹೆಂಗಸು ಗಂಡಸಿಗೆ ಉಪದೇಶ ಮಾಡಲು, ಅವನ ಮೇಲೆ ಅಧಿಕಾರ ನಡೆಸಲು ನಾನು ಬಿಡುವುದಿಲ್ಲ ಅಂತಿದೆ. ಕಾರಣವಾಗಿ ಆದಾಮ ಮೊದಲು ಸೃಷ್ಟಿಯಾದ, ಹವ್ವ ಆಮೇಲೆ ಅನ್ನುತ್ತದೆ ಪತ್ರ.

ಓದಿದರೆ ತೀರಾ ಸ್ಪಷ್ಟ ಅನ್ನಿಸುತ್ತದೆ. ತೊಡಕು ಶುರುವಾಗುವುದು ಪುಟ ಹಿಂದಕ್ಕೆ ತಿರುಗಿಸಿದಾಗ. ಅದೇ ಕೊರಿಂಥದ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಹೆಂಗಸರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಯ ಮೇಲೆ ಮುಸುಕಿರಬೇಕು ಅನ್ನುತ್ತಾನೆ. ಪ್ರವಾದಿಸುವುದು ಅಂದರೆ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಮಾತಾಡುವುದು. ಮೂರು ಅಧ್ಯಾಯ ದಾಟಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ಹೇಳುವುದಾದರೆ ಇಲ್ಲಿ ಮುಸುಕಿನ ನಿಯಮ ಯಾಕೆ ಬೇಕಿತ್ತು?

ಇದಕ್ಕೆ ವಿದ್ವಾಂಸರು ಕೊಡುವ ಉತ್ತರ ಹಲವು. 14ನೇ ಅಧ್ಯಾಯದ ಮಾತು ಎಲ್ಲ ಹೆಂಗಸರಿಗಲ್ಲ, ಕೂಟದ ಮಧ್ಯೆ ಪ್ರಶ್ನೆ ಕೇಳಿ ಗದ್ದಲ ಮಾಡುತ್ತಿದ್ದ ಕೆಲವರಿಗೆ ಅನ್ನುವವರಿದ್ದಾರೆ. ಪ್ರವಾದನೆಗಳನ್ನು ತೂಗಿ ನೋಡಿ ತೀರ್ಪು ಹೇಳುವಾಗ ಮಾತ್ರ ಸುಮ್ಮನಿರಬೇಕಿತ್ತು ಅನ್ನುವವರೂ ಇದ್ದಾರೆ. ಇನ್ನು ಕೆಲವರು ಹಸ್ತಪ್ರತಿಗಳನ್ನು ತೋರಿಸುತ್ತಾರೆ. ನಮಗೆ ಸಿಕ್ಕಿರುವ ಕೆಲವು ಹಳೆಯ ಪ್ರತಿಗಳಲ್ಲಿ ಆ ಎರಡು ವಚನಗಳು, ಅಂದರೆ 34 ಮತ್ತು 35, ತಮ್ಮ ಜಾಗದಲ್ಲಿಲ್ಲ. ಅಧ್ಯಾಯದ ಕೊನೆಯಲ್ಲಿ, 40ನೇ ವಚನದ ನಂತರ ಬರುತ್ತವೆ. ಯಾರೋ ಅಂಚಿನಲ್ಲಿ ಗೀಚಿದ್ದ ಟಿಪ್ಪಣಿಯನ್ನು ಒಬ್ಬ ನಕಲುಗಾರ ಇಲ್ಲಿ ಸೇರಿಸಿದ, ಇನ್ನೊಬ್ಬ ಅಲ್ಲಿ ಸೇರಿಸಿದ, ಹಾಗಾಗಿ ಈ ಗೊಂದಲ ಅನ್ನುವುದು ಅವರ ವಾದ. ಆದರೆ ಆ ವಚನಗಳು ಪೂರ್ತಿ ಇಲ್ಲದ ಪ್ರತಿ ಒಂದೂ ಸಿಕ್ಕಿಲ್ಲ. ಆ ವಾದ ಅಲ್ಲಿಗೆ ನಿಂತಿದೆ.

ಬೆಂಬಲಿಸುವವರು ತೆಗೆಯುವ ಪುಟ ರೋಮದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ. ಬರೀ ವಂದನೆಗಳ ಪಟ್ಟಿ ಅಂತ ಹೆಚ್ಚಿನವರು ಓದದೇ ದಾಟಿಬಿಡುತ್ತಾರೆ. ಇತಿಹಾಸದ ದೃಷ್ಟಿಯಿಂದ ನನಗಂತೂ ಇಡೀ ಪತ್ರದಲ್ಲಿ ಅದೇ ಹೆಚ್ಚು ರುಚಿ. ಮೊದಲ ಹೆಸರೇ ಫೊಯಿಬೆ. ಕೆಂಖ್ರೆ ಅನ್ನುವ ಬಂದರು ಊರಿನ ಸಭೆಯ ಡೀಕನ್. ಪೌಲ ತನ್ನ ಬಗ್ಗೆ ಮತ್ತು ಜೊತೆಗಾರರ ಬಗ್ಗೆ ಬಳಸುವ ಅದೇ ಗ್ರೀಕ್ ಪದವನ್ನೇ ಆಕೆಗೂ ಬಳಸಿದ್ದಾನೆ. ಪತ್ರವನ್ನು ರೋಮಿಗೆ ಹೊತ್ತು ಹೋದವಳು ಅವಳೇ ಇರಬೇಕು ಅಂತ ಬಹಳ ವಿದ್ವಾಂಸರ ಅಂದಾಜು. ಆಮೇಲೆ ಪ್ರಿಸ್ಕಿಲ್ಲ. ಗಂಡ ಅಕ್ವಿಲನ ಜೊತೆ ಸೇರಿ ಅಪೊಲ್ಲೋಸನಂಥ ಪಂಡಿತನಿಗೇ ಪಾಠ ಹೇಳಿದವಳು. ಇಲ್ಲಿ ಗಂಡನಿಗಿಂತ ಮೊದಲು ಆಕೆಯ ಹೆಸರು ಬರುತ್ತದೆ. ಆಮೇಲೆ ಯೂನ್ಯ, ಅಪೊಸ್ತಲರಲ್ಲಿ, ಅಂದರೆ ಕ್ರಿಸ್ತನ ಸಂದೇಶ ಸಾರಲು ಕಳಿಸಿದವರಲ್ಲಿ, ಹೆಸರುವಾಸಿ. ಮಧ್ಯಯುಗದಿಂದೀಚೆಗೆ ಹಲವರು ಅದನ್ನು ಗಂಡಸಿನ ಹೆಸರು ಅಂತ ಓದಿದರು, ಅಪೊಸ್ತಲ ಅಂದ ಮೇಲೆ ಹೆಂಗಸು ಹೇಗಾದಾಳು ಅಂತ. ಆದರೆ ಗ್ರೀಕ್ ಭಾಷೆಯೇ ತಾಯ್ನುಡಿಯಾಗಿದ್ದ, 4ನೇ ಶತಮಾನದ ಕೊನೆಯಲ್ಲಿದ್ದ ಯೋಹಾನ ಕ್ರಿಸೊಸ್ತೊಮ ಹೆಂಗಸು ಅಂತಲೇ ಓದಿ ಆಕೆಯನ್ನು ಹೊಗಳಿದ್ದಾನೆ. ಇವತ್ತಿನ ವಿದ್ವಾಂಸರಲ್ಲಿ ಹೆಚ್ಚಿನವರು ಅವನ ಕಡೆಗೇ ಇದ್ದಾರೆ. "ಅಪೊಸ್ತಲರಲ್ಲಿ ಒಬ್ಬಳು" ಅಂತಲೋ "ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವಳು" ಅಂತಲೋ ಅನ್ನುವ ಜಗಳ ಮಾತ್ರ ಮುಗಿದಿಲ್ಲ.

ಇದರ ಜೊತೆ ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯವೂ ಬರುತ್ತದೆ. ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ ಅಂತಿಲ್ಲ, ದಾಸ ಸ್ವತಂತ್ರ ಅಂತಿಲ್ಲ, ಗಂಡು ಹೆಣ್ಣು ಅಂತಿಲ್ಲ ಅನ್ನುವ ಮಾತು. ಅದು ರಕ್ಷಣೆಯ ಬಗ್ಗೆ, ಹುದ್ದೆಯ ಬಗ್ಗೆ ಅಲ್ಲ ಅಂತ ವಿರೋಧಿಗಳು ಹೇಳುತ್ತಾರೆ. ದಾಸರ ವಿಷಯದಲ್ಲೂ ಹಿಂದೆ ಹೀಗೇ ಅಂದಿದ್ದಿರಿ ಅಂತ ಬೆಂಬಲಿಗರು ತಿರುಗೇಟು ಕೊಡುತ್ತಾರೆ.

ಒಟ್ಟಿನಲ್ಲಿ ಯಾರಿಗೂ ಪುಕ್ಕಟೆ ಗೆಲುವು ಇಲ್ಲ. ಬೇಡ ಅನ್ನುವವರು ಫೊಯಿಬೆ, ಯೂನ್ಯರಿಗೆ ಸಮಜಾಯಿಷಿ ಕೊಡಬೇಕು. ಬೇಕು ಅನ್ನುವವರು ತಿಮೊಥೆಯನ ಪತ್ರಕ್ಕೆ ಕೊಡಬೇಕು. ಅದು ಎಫೆಸದ ಸಭೆಯ ಒಂದು ನಿರ್ದಿಷ್ಟ ತಂಟೆಗೆ ಬರೆದದ್ದು ಅಂತ ಅವರಲ್ಲಿ ಬಹಳ ಜನ ಹೇಳುತ್ತಾರೆ. ಆದರೆ ಪತ್ರ ಸೃಷ್ಟಿಯ ಕ್ರಮವನ್ನೇ ಕಾರಣವಾಗಿ ಕೊಡುವುದರಿಂದ ಆ ಉತ್ತರ ಎಲ್ಲರಿಗೂ ಸಮಾಧಾನ ತರುವುದಿಲ್ಲ. ಆ ಪತ್ರವನ್ನು ಪೌಲನೇ ಬರೆದನಾ ಅನ್ನುವ ಅನುಮಾನವೂ ವಿದ್ವಾಂಸರಲ್ಲಿದೆ. ಆದರೆ ಬೈಬಲಿನಲ್ಲಿ ಸೇರಿದೆ ಅಂದ ಮೇಲೆ ಬರೆದವರು ಯಾರಾದರೇನು ಅನ್ನುವವರಿಗೆ ಆ ಅನುಮಾನ ಮುಖ್ಯ ಅಲ್ಲ.

ಮರೆತುಹೋದ ಡೀಕನ್‌ಗಳು

ಬೈಬಲ್ ಆದ ಮೇಲೆ ಇತಿಹಾಸ. ಇಲ್ಲಿ ಒಂದು ವಿಷಯದ ಬಗ್ಗೆ ಜಗಳವೇ ಇಲ್ಲ: ಮೊದಲ ಶತಮಾನಗಳಲ್ಲಿ ಮಹಿಳಾ ಡೀಕನ್‌ಗಳು ಇದ್ದರು. ಸುಮಾರು 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರ ಬಗ್ಗೆ ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ, ಅವರನ್ನು ಸೇವಕಿಯರು ಅಂತ ಕರೆಯುತ್ತಾರೆ ಅನ್ನುತ್ತಾನೆ. ಅವನು ಬರೆದದ್ದು ಲ್ಯಾಟಿನಿನಲ್ಲಿ. ಅದು ಡೀಕನ್ ಅನ್ನುವುದರ ಲ್ಯಾಟಿನ್ ರೂಪವೇ ಅಂತ ಬಹಳ ಜನ ನಂಬುತ್ತಾರೆ.

ಅವರ ಕೆಲಸ ಏನು? 3ನೇ ಶತಮಾನದ ಸಿರಿಯಾದ ಒಂದು ಸಭಾ ಕೈಪಿಡಿ ವಿವರವಾಗಿ ಹೇಳುತ್ತದೆ. ಆಗ ದೀಕ್ಷಾಸ್ನಾನ ಪಡೆಯುತ್ತಿದ್ದವರಲ್ಲಿ ಬೆಳೆದ ಗಂಡಸರು, ಹೆಂಗಸರು ಜಾಸ್ತಿ. ಬಟ್ಟೆ ಕಳಚಿ ನೀರಿಗೆ ಇಳಿಯಬೇಕಿತ್ತು. ಮೈಗೆಲ್ಲ ಎಣ್ಣೆ ಹಚ್ಚಬೇಕಿತ್ತು. ಹೆಂಗಸರಿಗೆ ಅದನ್ನು ಗಂಡಸರು ಮಾಡುವುದು ಸರಿಯಲ್ಲ, ಹಾಗಾಗಿ ಮಹಿಳಾ ಡೀಕನ್ ಮಾಡಲಿ. ನೀರಿನಿಂದ ಮೇಲೆ ಬಂದವಳಿಗೆ ಮುಂದೆ ಹೇಗೆ ಬದುಕಬೇಕು ಅಂತ ಅವಳೇ ಕಲಿಸಲಿ. ಕ್ರೈಸ್ತರಲ್ಲದವರ ಮನೆಗಳಲ್ಲಿ ಕಾಯಿಲೆ ಬಿದ್ದ ಕ್ರೈಸ್ತ ಹೆಂಗಸರನ್ನು ನೋಡಿಕೊಂಡು ಬರಲಿ.

451ರ ಖಾಲ್ಸೆಡಾನ್ ಮಹಾಸಭೆ ಅವರಿಗೆ ಕನಿಷ್ಠ ವಯಸ್ಸು 40 ಅಂತ ಗೊತ್ತುಮಾಡಿತು. ಬಿಜಾಂಟಿಯಮ್ಮಿನ 8ನೇ ಶತಮಾನದ ಒಂದು ಹಸ್ತಪ್ರತಿಯಲ್ಲಿ ದೀಕ್ಷೆಯ ವಿಧಿಯೇ ಇದೆ. ಆಕೆ ಬಲಿಪೀಠದ ಮುಂದೆ ತಲೆಬಾಗಿ ನಿಲ್ಲುತ್ತಾಳೆ. ಬಿಷಪ್ ತಲೆಯ ಮೇಲೆ ಕೈಯಿಟ್ಟು, ಫೊಯಿಬೆಯ ಹೆಸರು ಹೇಳಿ ಪ್ರಾರ್ಥಿಸುತ್ತಾನೆ. ಡೀಕನರು ತೊಡುವ ಉದ್ದ ಬಟ್ಟೆಯ ಪಟ್ಟಿಯನ್ನು ಕೊರಳಿಗೆ ಹಾಕುತ್ತಾನೆ. ಕೊನೆಗೆ ಪ್ರಸಾದದ ಬಟ್ಟಲನ್ನು ಅವಳ ಕೈಗೆ ಕೊಡುತ್ತಾನೆ. ಅವಳು ಅದನ್ನು ಮತ್ತೆ ಬಲಿಪೀಠದ ಮೇಲೆ ಇಡುತ್ತಾಳೆ. ಗಂಡಸು ಡೀಕನ್ ಆಗಿದ್ದರೆ ಅದನ್ನು ಹಿಡಿದು ಜನರಿಗೆ ಹಂಚುತ್ತಿದ್ದ.

ಈ ಒಂದು ವಿಧಿಯನ್ನೇ ಇಟ್ಟುಕೊಂಡು ಇವತ್ತಿಗೂ ಎರಡು ಪಕ್ಷ. ಬಲಿಪೀಠ, ಕೈ, ಪಟ್ಟಿ, ಪ್ರಾರ್ಥನೆ ಎಲ್ಲ ಇದೆ, ಇದು ದೀಕ್ಷೆ ಅಲ್ಲದೆ ಇನ್ನೇನು ಅಂತ ಒಬ್ಬರು. ಬಟ್ಟಲು ವಾಪಸ್ ಇಟ್ಟಳಲ್ಲ, ಗಂಡಸರ ಡೀಕನ್ ಪದವಿ ಇದಲ್ಲ ಅಂತ ಇನ್ನೊಬ್ಬರು. ಪೋಪ್ ಫ್ರಾನ್ಸಿಸ್ 2016ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಇದನ್ನು ಅಧ್ಯಯನ ಮಾಡಲು ಆಯೋಗ ಕೂರಿಸಿದರು. ಮೊದಲನೆಯದರಲ್ಲಿ ಒಮ್ಮತ ಬರಲಿಲ್ಲ ಅಂತ ಅವರೇ ಹೇಳಿದರು.

ಆ ಹುದ್ದೆ ಮರೆಯಾಗಿದ್ದಕ್ಕೆ ಒಂದು ದೊಡ್ಡ ಕಾರಣ ತೀರಾ ಸಾದಾ. ಕ್ರೈಸ್ತರ ಮನೆಗಳಲ್ಲೇ ಮಕ್ಕಳು ಹುಟ್ಟಿ, ಕೂಸುಗಳಿಗೇ ದೀಕ್ಷಾಸ್ನಾನ ಕೊಡುವುದು ರೂಢಿಯಾಯಿತು. ಬೆಳೆದ ಹೆಂಗಸರಿಗೆ ಎಣ್ಣೆ ಹಚ್ಚುವ ಕೆಲಸ ಕಮ್ಮಿಯಾಯಿತು.

ಮಧ್ಯಯುಗದಲ್ಲಿ ಅಧಿಕಾರ ಸಿಕ್ಕಿದ್ದು ಮಠದ ಗೋಡೆಯೊಳಗೆ. 7ನೇ ಶತಮಾನದ ಇಂಗ್ಲೆಂಡಿನಲ್ಲಿ ಹಿಲ್ಡಾ ಗಂಡಸರೂ ಹೆಂಗಸರೂ ಇದ್ದ ವಿಟ್ಬಿ ಮಠವನ್ನು ಆಳಿದಳು. ಅಲ್ಲಿ ಕಲಿತ ಐವರು ಬಿಷಪ್‌ಗಳಾದರು. ಬಿಷಪ್‌ಗಳನ್ನು ತಯಾರು ಮಾಡಬಹುದು, ತಾನು ಮಾತ್ರ ಆಗುವಂತಿಲ್ಲ. ಸ್ಪೇನಿನ ಲಾಸ್ ವೆಲ್ಗಾಸ್ ಮಠದ ಮುಖ್ಯಸ್ಥೆಗೆ ಸುತ್ತಲಿನ ಊರುಗಳ ಪಾದ್ರಿಗಳ ಮೇಲೂ ಹಿಡಿತ ಇತ್ತು. 1873ರವರೆಗೂ ಅದು ನಡೆಯಿತು.

ಬೇಕಾದಾಗ ಕೊಟ್ಟದ್ದು, ಆಮೇಲೆ ಕೇಳಿದ್ದು

ಹೊಸ ಕಾಲದಲ್ಲಿ ಮೊದಲ ಹೆಜ್ಜೆಗಳು ಬಿದ್ದದ್ದು ಮೇಲಿನವರ ಅಪ್ಪಣೆ ಬೇಡದ ಕಡೆ. 1853ರಲ್ಲಿ ನ್ಯೂಯಾರ್ಕ್ ರಾಜ್ಯದ ಸೌತ್ ಬಟ್ಲರ್‌ನ ಸಣ್ಣ ಸಭೆಯೊಂದು ಆಂಟೊನೆಟ್ ಬ್ರೌನ್‌ಗೆ ದೀಕ್ಷೆ ಕೊಟ್ಟಿತು. ಅದು ಕಾಂಗ್ರಿಗೇಶನಲ್ ಸಭೆ. ಅಲ್ಲಿ ಪ್ರತಿ ಸಭೆಗೂ ತನ್ನದೇ ಸ್ವಾತಂತ್ರ್ಯ, ಬಿಷಪ್ ಅಂತ ಯಾರೂ ಇಲ್ಲ. ಊರಿನವರು ಒಪ್ಪಿದರೆ ಆಯಿತು.

ಬಿಷಪ್ ಇರುವ ಕಡೆ ಕಥೆ ಬೇರೆ. ಅದನ್ನು ತಿಳಿಯಲು ಇಬ್ಬರು ಹೆಂಗಸರನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಒಬ್ಬರು ಫ್ಲೋರೆನ್ಸ್ ಲಿ ಟಿಮ್ ಒಯ್, ಹಾಂಗ್‌ಕಾಂಗಿನವರು, ಆಂಗ್ಲಿಕನ್. 1941ರಲ್ಲಿ ಡೀಕನೆಸ್, ಅಂದರೆ ಮಹಿಳಾ ಡೀಕನ್, ಆದರು. ಮಕಾವ್‌ನ ಸಭೆ ನೋಡಿಕೊಳ್ಳುತ್ತಿದ್ದರು. ಜಪಾನೀಯರು ಹಾಂಗ್‌ಕಾಂಗ್ ಹಿಡಿದರು. ಮಕಾವ್ ಪೋರ್ಚುಗೀಸರದ್ದು, ಯುದ್ಧದಲ್ಲಿ ತಟಸ್ಥ, ಹಾಗಾಗಿ ನಿರಾಶ್ರಿತರು ತುಂಬಿಕೊಂಡರು. ಕರ್ತನ ಭೋಜನ ನಡೆಸಲು ಪಾದ್ರಿ ಬೇಕು, ಬರಲು ದಾರಿ ಇಲ್ಲ. ಬಿಷಪ್ ರೊನಾಲ್ಡ್ ಹಾಲ್ ಮೊದಲು ಡೀಕನೆಸ್ ಆಗಿಯೇ ಅದನ್ನು ನಡೆಸಲು ಒಪ್ಪಿಗೆ ಕೊಟ್ಟರು. ಆಮೇಲೆ ಹೀಗೆ ನಿಯಮ ಸಡಿಲಿಸುವುದಕ್ಕಿಂತ ದೀಕ್ಷೆ ಕೊಟ್ಟುಬಿಡುವುದೇ ಸರಿ ಅನ್ನಿಸಿತು. ಜಪಾನೀಯರ ಹಿಡಿತದ ನಾಡನ್ನು ದಾಟಿಕೊಂಡು ಆಕೆ ಸ್ವತಂತ್ರ ಚೀನಾಕ್ಕೆ ಬಂದರು. 1944ರ ಜನವರಿ 25ರಂದು ಗುರುದೀಕ್ಷೆ ಆಯಿತು. ಇಡೀ ಆಂಗ್ಲಿಕನ್ ಲೋಕದಲ್ಲಿ ಪಾದ್ರಿಯಾದ ಮೊದಲ ಹೆಂಗಸು.

ಯುದ್ಧ ಮುಗಿಯಿತು, ತಕರಾರು ಶುರುವಾಯಿತು. ಬಿಷಪ್ ಮೇಲೆ ಒತ್ತಡ ಜಾಸ್ತಿಯಾದಾಗ, 1946ರಲ್ಲಿ ಟಿಮ್ ಒಯ್ ಪಾದ್ರಿಯ ಕೆಲಸ ಮಾಡುವ ಪರವಾನಗಿಯನ್ನು ತಾವಾಗಿಯೇ ಬಿಟ್ಟರು. ದೀಕ್ಷೆಯನ್ನು ಮಾತ್ರ ಬಿಡಲಿಲ್ಲ. ಚೀನಾದಲ್ಲಿ ಚರ್ಚುಗಳೆಲ್ಲ ಮುಚ್ಚಿದ್ದ ಕಾಲವನ್ನೂ ದಾಟಿದರು. 1971ರಲ್ಲಿ ಹಾಂಗ್‌ಕಾಂಗ್ ಸಭೆ ಇನ್ನಿಬ್ಬರು ಹೆಂಗಸರಿಗೆ ಅಧಿಕೃತವಾಗಿ ದೀಕ್ಷೆ ಕೊಟ್ಟಿತು, ಇವರ ದೀಕ್ಷೆಗೂ ಮನ್ನಣೆ ಸಿಕ್ಕಿತು. 1992ರಲ್ಲಿ ಟೊರೊಂಟೊದಲ್ಲಿ ತೀರಿಕೊಂಡರು.

ಇನ್ನೊಬ್ಬರು ಲುದ್ಮಿಲಾ ಯಾವೊರೊವಾ. ಜೆಕೊಸ್ಲೊವಾಕಿಯಾದ ಬ್ರ್ನೋ ನಗರ, ಕಮ್ಯುನಿಸ್ಟರ ಕಾಲ, ಕಥೋಲಿಕ ಸಭೆ ಭೂಗತ. ಜೈಲಿನಲ್ಲಿದ್ದ ಹೆಂಗಸರಿಗೆ ಸಂಸ್ಕಾರ ಕೊಡಲು ಗಂಡಸು ಗುರುಗಳು ಹೋಗುವಂತಿರಲಿಲ್ಲ. ಬಿಷಪ್ ಫೆಲಿಕ್ಸ್ ದವೀದೆಕ್ 1970ರ ಡಿಸೆಂಬರಿನಲ್ಲಿ ಗುಟ್ಟಾಗಿ ಆಕೆಗೆ ಗುರುದೀಕ್ಷೆ ಕೊಟ್ಟರು. ಕಾರಣ ಅದೇ: ಗತ್ಯಂತರ ಇಲ್ಲ. ಆದರೆ ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ರೋಮ್ ಅದನ್ನು ದೀಕ್ಷೆ ಅಂತ ಒಪ್ಪಲೇ ಇಲ್ಲ.

ಇಬ್ಬರಿಗೂ ಬಂದದ್ದು ಒಂದೇ ಥರದ ಕಷ್ಟ, ಇಬ್ಬರು ಬಿಷಪ್‌ಗಳೂ ಒಂದೇ ಥರ ಯೋಚಿಸಿದರು. ಒಂದು ದೀಕ್ಷೆ ನಿಂತಿತು, ಇನ್ನೊಂದು ಬಿತ್ತು. ಆಂಗ್ಲಿಕನರಲ್ಲಿ ಒಂದೊಂದು ಪ್ರಾಂತದ ಸಭೆಯೂ ತನ್ನ ಸಿನೊಡಿನಲ್ಲಿ, ಅಂದರೆ ಪ್ರತಿನಿಧಿಗಳ ಸಮಾವೇಶದಲ್ಲಿ, ಮತ ಹಾಕಿ ತೀರ್ಮಾನಿಸಬಹುದು. ಕಥೋಲಿಕರಲ್ಲಿ ಇಡೀ ಲೋಕಕ್ಕೆ ಒಂದೇ ಬಾಗಿಲು, ಕೀಲಿ ರೋಮಿನಲ್ಲಿ.

ಮತ ಹಾಕುವುದು ಅಂದರೂ ಸುಲಭ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಸಿನೊಡಿನಲ್ಲಿ ಮೂರು ಮನೆ: ಬಿಷಪ್‌ಗಳದ್ದು, ಪಾದ್ರಿಗಳದ್ದು, ಸಾಮಾನ್ಯ ಸದಸ್ಯರದ್ದು. ಇಂಥ ವಿಷಯಕ್ಕೆ ಮೂರರಲ್ಲೂ ಮೂರನೇ ಎರಡರಷ್ಟು ಮತ ಬೇಕು. 1992ರ ನವೆಂಬರ್ 11ರಂದು ಮಹಿಳಾ ಪಾದ್ರಿಗಳ ಪ್ರಸ್ತಾಪ ಗೆದ್ದಿತು. ಆದರೆ ಸಾಮಾನ್ಯ ಸದಸ್ಯರಲ್ಲಿ ಇನ್ನಿಬ್ಬರು ಆ ಕಡೆ ಹೋಗಿದ್ದರೆ ಬಿದ್ದುಹೋಗುತ್ತಿತ್ತು. 1994ರ ಮಾರ್ಚಿನಲ್ಲಿ ಬ್ರಿಸ್ಟಲ್‌ನಲ್ಲಿ ಮೊದಲ 32 ಮಂದಿಗೆ ದೀಕ್ಷೆಯಾಯಿತು. ಬಿಷಪ್ ಆಗುವ ವಿಷಯ 2012ರಲ್ಲಿ ಬಂದಾಗ ಬಿಷಪ್‌ಗಳೂ ಪಾದ್ರಿಗಳೂ ಒಪ್ಪಿದರು. ಸಾಮಾನ್ಯ ಸದಸ್ಯರಲ್ಲಿ 132 ಪರ, 74 ವಿರೋಧ. ಆರು ಮತ ಸಾಲಲಿಲ್ಲ, ಪ್ರಸ್ತಾಪ ಬಿತ್ತು. ಪಾದ್ರಿಗಳೇ ಯಾವಾಗಲೂ ಅಡ್ಡಗಾಲು ಅಂದುಕೊಂಡವರು ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. 2014ರಲ್ಲಿ ಕೊನೆಗೂ ಗೆದ್ದಿತು. 2015ರ ಜನವರಿಯಲ್ಲಿ ಲಿಬಿ ಲೇನ್ ಬಿಷಪ್ ಆದರು. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಬಾರ್ಬರಾ ಹ್ಯಾರಿಸ್ ಬಿಷಪ್ ಆಗಿ 26 ವರ್ಷ ಹತ್ತಿರವಾಗಿತ್ತು. ದಕ್ಷಿಣ ಭಾರತ ಸಭೆಯಲ್ಲೂ 2013ರಲ್ಲೇ ಪುಷ್ಪಾ ಲಲಿತಾ ನಂದ್ಯಾಲದ ಬಿಷಪ್ ಆಗಿದ್ದರು.

ರೋಮ್ ಹೇಳುವುದು "ಮಾಡಲ್ಲ" ಅಂತಲ್ಲ, "ನಮ್ಮಿಂದ ಆಗಲ್ಲ" ಅಂತ

1976ರಲ್ಲಿ ವ್ಯಾಟಿಕನ್ ತನ್ನ ನಿಲುವನ್ನು ಉದ್ದವಾಗಿ ವಿವರಿಸಿತು. ಕ್ರಿಸ್ತ ಹನ್ನೆರಡು ಪ್ರೇಷಿತರನ್ನಾಗಿ, ಅಂದರೆ ಅಪೊಸ್ತಲರನ್ನಾಗಿ, ಗಂಡಸರನ್ನೇ ಆರಿಸಿದ. ಬೇರೆ ವಿಷಯಗಳಲ್ಲಿ ಆ ಕಾಲದ ಕಟ್ಟಳೆಗಳನ್ನು ಮುರಿದವನು ಇಲ್ಲಿ ಮುರಿಯಲಿಲ್ಲ, ಅಂದರೆ ಬೇಕೆಂದೇ ಮಾಡಿದ್ದು. ಎರಡು ಸಾವಿರ ವರ್ಷದ ಪರಂಪರೆ ಅದನ್ನೇ ಪಾಲಿಸಿದೆ. ಬಲಿಪೂಜೆಯಲ್ಲಿ ಕ್ರಿಸ್ತನನ್ನು ಸೂಚಿಸುವವನಲ್ಲಿ ಸಹಜ ಹೋಲಿಕೆ ಇರಬೇಕು. 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಧರ್ಮಸಭೆಗೆ ಇಲ್ಲ, ಇದನ್ನು ಎಲ್ಲ ವಿಶ್ವಾಸಿಗಳೂ ಖಚಿತವಾಗಿ ಒಪ್ಪಬೇಕು ಅಂತ ಬರೆದರು.

ಇದು ಜಾಣ ನಿಲುವು ಅಂತಲಾದರೂ ಅನ್ನಿ, ಪ್ರಾಮಾಣಿಕ ನಿಲುವು ಅಂತಲಾದರೂ ಅನ್ನಿ. ಚರ್ಚೆಯ ನೆಲವನ್ನೇ ಬದಲಿಸುತ್ತದೆ. ಹೆಂಗಸರಿಗೆ ಯೋಗ್ಯತೆ ಇಲ್ಲ ಅಂತ ಹಳೆಯ ಕಾಲದ ದೊಡ್ಡ ದೊಡ್ಡ ಪಂಡಿತರು ಬರೆದಿದ್ದರು. ಇವತ್ತು ರೋಮ್ ಆ ಮಾತು ಆಡುವುದಿಲ್ಲ. ನಮ್ಮ ಕೈಯಲ್ಲಿಲ್ಲ ಅನ್ನುತ್ತದೆ. ಹಾಗಾಗಿ "ಹೆಂಗಸರೂ ಸಮಾನರು" ಅಂತ ಎಷ್ಟು ವಾದಿಸಿದರೂ "ಹೌದು, ಸಮಾನರು, ಆದರೆ" ಅನ್ನುವ ಉತ್ತರವೇ ಬರುತ್ತದೆ. ಟೀಕಿಸುವವರೂ ಇದನ್ನು ಬಲ್ಲರು. ಹನ್ನೆರಡು ಜನ ಗಂಡಸರಷ್ಟೇ ಅಲ್ಲ, ಯೆಹೂದ್ಯರೂ ಆಗಿದ್ದರು, ಅದನ್ನು ಯಾಕೆ ನಿಯಮ ಮಾಡಲಿಲ್ಲ ಅಂತ ಕೇಳುತ್ತಾರೆ. ಪುನರುತ್ಥಾನದ ಸುದ್ದಿಯನ್ನು ಪ್ರೇಷಿತರಿಗೇ ಮೊದಲು ಹೇಳಿದವಳು ಮಗ್ದಲದ ಮರಿಯ ಅಲ್ವಾ ಅಂತ ನೆನಪಿಸುತ್ತಾರೆ.

2002ರಲ್ಲಿ ಡ್ಯಾನ್ಯೂಬ್ ನದಿಯ ಮೇಲೆ ಹಡಗಿನಲ್ಲಿ ಏಳು ಹೆಂಗಸರು ದೀಕ್ಷೆ ಪಡೆದರು. ಕೆಲವೇ ವಾರಗಳಲ್ಲಿ ಬಹಿಷ್ಕಾರ ಬಂತು. 2021ರಲ್ಲಿ ಆ ಶಿಕ್ಷೆ ಕಾನೂನು ಪುಸ್ತಕದಲ್ಲೇ ಸೇರಿತು. ಕೊಡಲು ಹೊರಟವರಿಗೂ ಪಡೆಯಲು ಹೊರಟವರಿಗೂ ತಾನಾಗಿಯೇ ಬಹಿಷ್ಕಾರ.

ಇನ್ನೊಂದು ಕಡೆ, ದೀಕ್ಷೆ ಬೇಡದ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ವಾಚನ ಓದುವ, ಬಲಿಪೀಠದಲ್ಲಿ ಸಹಾಯ ಮಾಡುವ ಅಧಿಕೃತ ಹುದ್ದೆಗಳು 2021ರಲ್ಲಿ ಹೆಂಗಸರಿಗೂ ಸಿಕ್ಕವು. 2023ರ ಸಿನೊಡಿನಲ್ಲಿ ಹೆಂಗಸರು ಮೊದಲ ಸಲ ಮತ ಹಾಕಿದರು. 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ವ್ಯಾಟಿಕನ್ ಇಲಾಖೆಯೊಂದರ ಮುಖ್ಯಸ್ಥೆಯಾದರು. ಲೋಕದ ಕನ್ಯಾಸ್ತ್ರೀಯರು, ಮಠದ ಗುರುಗಳು ಎಲ್ಲ ಆ ಇಲಾಖೆಯ ಅಡಿ ಬರುತ್ತಾರೆ. ಆಡಳಿತಕ್ಕೂ ಬಲಿಪೀಠಕ್ಕೂ ನಡುವೆ ಗೆರೆ ಎಳೆಯುವ ಕೆಲಸ ಇದು.

ಆರ್ಥೊಡಾಕ್ಸ್ ಸಭೆಗಳಲ್ಲಿ ಗುರುದೀಕ್ಷೆಯ ಮಾತೇ ಇಲ್ಲ, ಡೀಕನೆಸ್ ಹುದ್ದೆಯ ಮಾತು ಮಾತ್ರ ಇದೆ. 2024ರ ಮೇ ತಿಂಗಳಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಅಲೆಕ್ಸಾಂಡ್ರಿಯಾ ಪೀಠದ ಅಡಿಯಲ್ಲಿ ಒಬ್ಬ ಹೆಂಗಸಿಗೆ ಆ ದೀಕ್ಷೆಯಾಯಿತು. ಹಳೆಯ ವಿಧಿಯೇ ಇದ್ದದ್ದರಿಂದ ಹೊಸದೇನೂ ಮಾಡಿಲ್ಲ ಅನ್ನುವುದು ಅವರ ಸಮರ್ಥನೆ. ಬೇರೆ ಆರ್ಥೊಡಾಕ್ಸ್ ವಲಯಗಳಿಂದ ವಿರೋಧವೂ ಬಂತು.

ಎಲ್ಲ ಕಡೆಯೂ ದಾರಿ ಮುಂದಕ್ಕೇ ಹೋಗುತ್ತಿದೆ ಅಂತಲೂ ಇಲ್ಲ. ಲಾಟ್ವಿಯಾದ ಲೂಥರನ್ ಸಭೆ 1975ರಲ್ಲಿ ಹೆಂಗಸರಿಗೆ ದೀಕ್ಷೆ ಕೊಡಲು ಶುರುಮಾಡಿತ್ತು. 1993ರಲ್ಲಿ ಹೊಸ ಆರ್ಚ್‌ಬಿಷಪ್ ಬಂದು ನಿಲ್ಲಿಸಿದರು. 2016ರಲ್ಲಿ ಸಿನೊಡ್ ಅದನ್ನೇ ನಿಯಮ ಮಾಡಿತು. ಸೆವೆಂತ್ ಡೇ ಅಡ್ವೆಂಟಿಸ್ಟರ ಸ್ಥಾಪಕರಲ್ಲಿ ಒಬ್ಬರು ಎಲೆನ್ ವೈಟ್, ಅವರ ಬರಹಗಳಿಗೆ ಆ ಸಭೆಯಲ್ಲಿ ದೊಡ್ಡ ಮನ್ನಣೆ. ಅದೇ ಸಭೆ 2015ರಲ್ಲಿ, ಹೆಂಗಸರ ದೀಕ್ಷೆಯನ್ನು ಆಯಾ ಪ್ರದೇಶಗಳ ತೀರ್ಮಾನಕ್ಕೆ ಬಿಡುವ ಪ್ರಸ್ತಾಪವನ್ನು 1,381ಕ್ಕೆ 977 ಮತಗಳಿಂದ ತಳ್ಳಿಹಾಕಿತು.

ಒಪ್ಪಿದ ಸಭೆಗಳಲ್ಲೂ ತಲೆನೋವು ಮುಗಿಯುವುದಿಲ್ಲ, ಇನ್ನೊಂದು ಹುಟ್ಟುತ್ತದೆ. ಹೆಂಗಸು ಪಾದ್ರಿಯಾದಾಗ, ಒಪ್ಪದವರು ಆಕೆ ನಡೆಸುವ ಆರಾಧನೆಗೆ ಹೋಗದಿದ್ದರೆ ಮುಗಿಯಿತು. ಹೆಂಗಸು ಬಿಷಪ್ ಆದಾಗ ಹಾಗಲ್ಲ. ಆಕೆ ಗಂಡಸರಿಗೂ ದೀಕ್ಷೆ ಕೊಡುತ್ತಾರೆ. ಆಕೆಯ ದೀಕ್ಷೆಯೇ ಸಿಂಧುವಲ್ಲ ಅನ್ನುವವರು ಆ ಗಂಡಸರ ದೀಕ್ಷೆಯನ್ನೂ ಒಪ್ಪುವುದಿಲ್ಲ. ಇಂಗ್ಲೆಂಡಿನ ಸಭೆ ಇದಕ್ಕೊಂದು ಏರ್ಪಾಡು ಮಾಡಿಕೊಂಡಿದೆ. ಒಪ್ಪದ ಸಭೆಗಳು ಕೇಳಿಕೊಂಡರೆ, ಅವರಂತೆಯೇ ನಂಬುವ ಬೇರೆ ಬಿಷಪ್ ಒಬ್ಬರು ಬಂದು ಅವರನ್ನು ನೋಡಿಕೊಳ್ಳುತ್ತಾರೆ. ಜನ ಇವರಿಗೆ ಹಾರುವ ಬಿಷಪ್‌ಗಳು ಅಂತ ಹೆಸರಿಟ್ಟಿದ್ದಾರೆ. ಈ ಏರ್ಪಾಡು ಶುರುವಾದದ್ದು ಮಹಿಳಾ ಪಾದ್ರಿಗಳಿಗಾಗಿ, 1993ರಲ್ಲಿ. ಮಹಿಳಾ ಬಿಷಪ್‌ಗಳು ಬಂದ ಮೇಲೆ, 2014ರಲ್ಲಿ, ಅದನ್ನು ಹೊಸದಾಗಿ ಬರೆದರು. ಅಂಥ ಸಭೆಗೆ ಹೊಸ ಪಾದ್ರಿ ಬೇಕಾದಾಗ, ಗಂಡಸೇ ಆಗಿದ್ದರೂ, ಈಗ ಒಂದು ಪ್ರಶ್ನೆ ಕೇಳುತ್ತಾರೆ: ನಿಮ್ಮ ತಲೆಯ ಮೇಲೆ ಕೈಯಿಟ್ಟವರು ಯಾರು?